ರಾತ್ರಿಯ ಸಂಭಾವನೆ ರಾತ್ರಿಗೆ, ರೆಕಾರ್ಡಿಂಗ್‌ಗೆ ಬೇರೆ ಲೆಕ್ಕ

ಉತ್ತರ ಕನ್ನಡ ಜಿಲ್ಲೆಯ ಯಕ್ಷಗಾನ ಆಟ, ತಾಳಮದ್ದಲೆ, ಸಂಗೀತ ಬೈಠಕ್ ಸಂಘಟಕರಿಗೆ, ವಿಡಿಯೋ ಮಾಡುವ ಗೆಳೆಯರಿಗೆ, ಕೇಳುಗರಿಗೆ, ಕರ್ನಾಟಕ ಯಕ್ಷಗಾನ ಅಕಾಡೆಮಿಗೆ ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ,

ನಮಸ್ಕಾರ.

ನಾನು ಹೊನ್ನಾವರ ತಾಲೂಕಿನವನು. ಮದ್ದಲೆ ಬಾರಿಸುತ್ತೇನೆ. ಯಾವ ದೊಡ್ಡ ಮೇಳದಲ್ಲೂ ಇಲ್ಲ, ಕರೆದ ಕಡೆ ಹೋಗುತ್ತೇನೆ. ಹೊನ್ನಾವರ, ಕುಮಟಾ, ಸಿದ್ದಾಪುರ, ಶಿರಸಿ ಸುತ್ತಮುತ್ತ ನನ್ನ ಹಾಗೆ ಹಿಮ್ಮೇಳದಲ್ಲಿ, ಅಂದರೆ ಹಾಡು-ವಾದ್ಯದವರ ಸಾಲಿನಲ್ಲಿ, ಕೂರುವವರು ಬಹಳ ಜನ ಇದ್ದಾರೆ. ಅವರೆಲ್ಲರ ಪರವಾಗಿ ಬರೆಯಿರಿ ಎಂದು ನನಗೆ ಯಾರೂ ಹೇಳಿಲ್ಲ. ಆದರೆ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಕೂತಾಗ ಎಲ್ಲರ ಬಾಯಲ್ಲೂ ಬರುವ ಮಾತು ಇದು. ಹೊರಗೆ ಮಾತ್ರ ಯಾರೂ ಆಡುವುದಿಲ್ಲ. ಆಡಿದರೆ ಮುಂದಿನ ವರ್ಷ ಕರೆಯಲಿಕ್ಕಿಲ್ಲ ಎಂಬ ಅಂಜಿಕೆ.

ಮಾತು ಇಷ್ಟೇ. ನೀವು ಕೊಡುವ ಸಂಭಾವನೆ ಆ ರಾತ್ರಿ ನಿಮ್ಮೆದುರು ಕೂತು ಹಾಡಿದ್ದಕ್ಕೆ, ಬಾರಿಸಿದ್ದಕ್ಕೆ. ಅದನ್ನೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರೆ, ಹಾಡಿನ ಆ್ಯಪಿಗೆ ಕೊಟ್ಟರೆ, ಅದಕ್ಕೆ ಬೇರೆ ಲೆಕ್ಕ ಇರಬೇಕು. ಮೊದಲೇ ಕೇಳಬೇಕು. ಕಾಗದದ ಮೇಲೆ ಬರೆದುಕೊಳ್ಳಬೇಕು. ದುಡ್ಡು ಬಂದರೆ ಪಾಲು ಕೊಡಬೇಕು.

ಹೋದ ಮಳೆಗಾಲದಲ್ಲಿ ಕುಮಟಾ ಕಡೆಯ ಒಂದು ದೇವಸ್ಥಾನದ ಸಭಾಭವನದಲ್ಲಿ ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ) ಇತ್ತು. ಮಳೆಯ ಥಂಡಿಗೆ ಮದ್ದಲೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಹಾಗಾಗಿ ನಾನು ಬೇಗ ಹೋಗಿ ಶ್ರುತಿ ಮಾಡಿಕೊಳ್ಳುತ್ತಾ ಕೂತಿದ್ದೆ. ಒಬ್ಬ ಹುಡುಗ ಬಂದ. ಪದ್ಯ ಹಾಡುವ ಭಾಗವತರ ಮೈಕಿನ ಕಂಬಕ್ಕೆ ಮೊಬೈಲ್ ಕಟ್ಟಿದ. ಸೌಂಡಿನವರ ಮಿಕ್ಸರಿನಿಂದ ಒಂದು ವೈರು ಎಳೆದು ತನ್ನ ರೆಕಾರ್ಡರಿಗೆ ಸಿಕ್ಕಿಸಿಕೊಂಡ. ಭಾಗವತರನ್ನು ಕೇಳಲಿಲ್ಲ, ನನ್ನನ್ನು ಕೇಳಲಿಲ್ಲ, ಚಂಡೆಯವರನ್ನೂ ಕೇಳಲಿಲ್ಲ. ಸಂಘಟಕರನ್ನು ಕೇಳಿದ್ದನಂತೆ, ಅವರು ‘ಮಾಡ್ಕೋ’ ಅಂದಿದ್ದರಂತೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕಲಾವಿದರನ್ನೂ ಕೇಳಬೇಕು ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದಾರೆ?

ವಿಡಿಯೋ ಬಂತು. ಕೆಲಸ ಅಚ್ಚುಕಟ್ಟಾಗಿತ್ತು. ಮದ್ದಲೆ, ಚಂಡೆಯ ಒಂದೊಂದು ಬಿಡ್ತಿಗೆಯೂ ಸ್ಪಷ್ಟವಾಗಿ ಕೇಳುತ್ತಿತ್ತು. ಕೆಳಗೆ ಪಾತ್ರದ ಮಾತಾಡುವ ಅರ್ಥಧಾರಿಗಳ ಹೆಸರು, ಭಾಗವತರ ಹೆಸರು. ನಮಗೆ ಸಿಕ್ಕಿದ್ದು ‘ಮತ್ತು ಹಿಮ್ಮೇಳ’ ಎಂಬ ಎರಡು ಶಬ್ದ. ಕರುಣ ರಸದ ಪದ್ಯದ ನಡುವೆ ಯಾವುದೋ ಜಾಹೀರಾತು. ಸ್ವಲ್ಪ ದಿನದಲ್ಲಿ ಅದರ ತುಣುಕುಗಳು ನನ್ನದೇ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದವು, ಬೇರೆ ಬೇರೆ ಚಾನೆಲ್ಲುಗಳ ಮುದ್ರೆ ಹೊತ್ತುಕೊಂಡು. ಅದರಿಂದ ಯಾರಿಗಾದರೂ ದುಡ್ಡು ಬಂದಿದ್ದರೆ, ಅದರಲ್ಲಿ ಒಂದು ರೂಪಾಯಿಯೂ ಭಾಗವತರನ್ನು ತಲುಪಲಿಲ್ಲ. ನಮ್ಮ ಮಾತು ಬಿಡಿ.

‘ಪ್ರಚಾರ ಸಿಗ್ತದಲ್ಲ?’ ಅನ್ನುತ್ತೀರಿ. ಸಿಗುತ್ತದೆ. ಮೊದಲೇ ಹೆಸರು ಮಾಡಿದವರಿಗೆ ಸಿಗುತ್ತದೆ. ಹೆಸರನ್ನೇ ಹಾಕದೆ ಇದ್ದರೆ ಚಂಡೆಯವರಿಗೆ ಎಲ್ಲಿಂದ ಬರಬೇಕು ಪ್ರಚಾರ? ಮದ್ದಲೆಯ ಮುಚ್ಚಿಗೆ (ಚರ್ಮದ ಹೊದಿಕೆ) ಹೋದರೆ ದುಡ್ಡು ಕೊಟ್ಟೇ ಹೊಸದು ಹಾಕಿಸಬೇಕು. ಬಸ್ಸಿಗೆ ದುಡ್ಡು ಕೊಟ್ಟೇ ಊರಿಂದೂರಿಗೆ ಹೋಗಬೇಕು. ಪ್ರಚಾರ ಎಂಬುದನ್ನು ಸಂಭಾವನೆಯ ಬದಲು ಕೊಡುವ ಪದ್ಧತಿ ನಿಲ್ಲಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ.

ಇದು ಬರೀ ದಾಕ್ಷಿಣ್ಯದ ಮಾತಲ್ಲ, ಕಾನೂನಿನಲ್ಲೇ ಇದೆ. ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು. ಅದಕ್ಕೆ 1994ರಲ್ಲಿ ತಿದ್ದುಪಡಿ ತಂದು ಹಾಡುವವರು, ನುಡಿಸುವವರು, ಕುಣಿಯುವವರು ಎಲ್ಲರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟರು. ಆ ಪಟ್ಟಿಯಲ್ಲಿ ದೊಂಬರಾಟದವರು, ಹಾವಾಡಿಗರು, ಉಪನ್ಯಾಸ ಮಾಡುವವರು ಕೂಡ ಇದ್ದಾರೆ. ಹಾಗಿರುವಾಗ ಭಾಗವತರು, ಮದ್ದಲೆಯವರು, ಅರ್ಥಧಾರಿಗಳು ಅದರಲ್ಲಿ ಬರುತ್ತಾರೋ ಇಲ್ಲವೋ ಎಂಬ ಅನುಮಾನವೇ ಬೇಡ. 2012ರ ತಿದ್ದುಪಡಿ ಇದನ್ನು ಇನ್ನೂ ಗಟ್ಟಿ ಮಾಡಿತು. ಪ್ರದರ್ಶನವನ್ನು ರೆಕಾರ್ಡ್ ಮಾಡುವುದು, ಅದನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳುವುದು, ಪ್ರತಿ ಮಾಡಿ ಹಂಚುವುದು, ಸಾರ್ವಜನಿಕರಿಗೆ ತಲುಪಿಸುವುದು, ಇವೆಲ್ಲ ಕಲಾವಿದರ ಹಕ್ಕು. ವಿಡಿಯೋಕ್ಕೆ ಲಿಖಿತ ಒಪ್ಪಿಗೆ ಕೊಟ್ಟ ಮೇಲೂ, ಅದನ್ನು ವ್ಯಾಪಾರಕ್ಕೆ ಬಳಸಿದರೆ ಕಲಾವಿದರಿಗೆ ರಾಯಧನ ಸಲ್ಲಬೇಕು. ಈ ಹಕ್ಕು 50 ವರ್ಷ ಇರುತ್ತದೆ. ಮನೆಯಲ್ಲಿ ಕೇಳಲು, ಕಲಿಸಲು, ಸಂಶೋಧನೆಗೆ ರೆಕಾರ್ಡ್ ಮಾಡಿಕೊಂಡರೆ ಅಡ್ಡಿಯಿಲ್ಲ. ಆ ವಿನಾಯಿತಿ ಇರಲೇಬೇಕು. ನಾನು ಕೂಡ ಕಲಿತದ್ದು ಹಾಗೆಯೇ.

ಅದೇ ಕಾಯ್ದೆಯ 38ಬಿ ಸೆಕ್ಷನ್ ನೋಡಿ. ಕಲಾವಿದನಿಗೆ ತನ್ನ ಪ್ರದರ್ಶನದೊಂದಿಗೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕಿದೆ. ‘ಮತ್ತು ಹಿಮ್ಮೇಳ’ ಎಂದು ಬರೆದು ಮುಗಿಸುವವರು ಇದನ್ನು ಒಂದು ಸಲ ಓದಬೇಕು. ಮೂರು ಹೆಸರು ಟೈಪ್ ಮಾಡಲು ಎಷ್ಟು ಹೊತ್ತು ಬೇಕು?

ಯಕ್ಷಗಾನಕ್ಕೂ ಹಕ್ಕುಸ್ವಾಮ್ಯಕ್ಕೂ ಏನು ಸಂಬಂಧ ಎಂದು ಕೇಳುವವರು ಈಗಲೂ ಇದ್ದಾರೆ. ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳ ಹಕ್ಕು ಯಾರದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. 2009ರಲ್ಲಿ ತೀರ್ಪು ಬಂದಿದೆ. ಅಂದರೆ ದೇಶದ ದೊಡ್ಡ ಕೋರ್ಟು ನಮ್ಮ ಕಲೆಯನ್ನು ಈ ಕಾಯ್ದೆಯ ಒಳಗೆ ಇಟ್ಟೇ ನೋಡಿದೆ.

ಇಲ್ಲಿ ಭಾಗವತ ಕಾಳಿಂಗ ನಾವಡರ ನೆನಪಾಗದೆ ಇರುವುದಿಲ್ಲ. ಉಡುಪಿ ಜಿಲ್ಲೆಯ ಗುಂಡ್ಮಿಯವರಾದರೂ ನಮ್ಮ ಜಿಲ್ಲೆಯವರು ಅವರನ್ನು ನಮ್ಮವರೆಂದೇ ಅಂದುಕೊಂಡವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದರು. ಇವತ್ತಿಗೂ ಅವರ ಕಂಠ ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಮೆಮೊರಿ ಕಾರ್ಡಿಗೆ, ಅಲ್ಲಿಂದ ಯೂಟ್ಯೂಬಿಗೆ ಬಂದು ಮನೆಮನೆಯಲ್ಲಿ ಕೇಳುತ್ತಿದೆ. ಅವರು ಹಾಡುತ್ತಿದ್ದ ಕಾಲದಲ್ಲಿ ಕಲಾವಿದರ ಹಕ್ಕಿನ ಕಾನೂನೇ ಇರಲಿಲ್ಲ. ಅವರು ಹೋಗಿ 4 ವರ್ಷದ ಮೇಲೆ ಬಂತು. ಆ ತಲೆಮಾರಿಗೆ ಈ ಕಾನೂನಿನಿಂದ ಏನೂ ಸಿಗುವಂತಿರಲಿಲ್ಲ. ಈಗ ಹಾಡುತ್ತಿರುವವರಿಗೆ ಕಾನೂನು ಇದೆ. ಆದರೂ ನಾವು ಇಲ್ಲದವರಂತೆ ನಡೆದುಕೊಳ್ಳುತ್ತಿದ್ದೇವೆ. ನನಗೆ ಅತಿ ಜಾಸ್ತಿ ಬೇಸರ ಇದೇ.

ಜನಪದ ಹಾಡಿನ ವಿಷಯದಲ್ಲಂತೂ ‘ಅದು ಎಲ್ಲರ ಹಾಡು, ಯಾರಿಗೆ ದುಡ್ಡು ಕೊಡೋದು?’ ಎಂಬ ಮಾತು ಸಲೀಸಾಗಿ ಬರುತ್ತದೆ. ಅಂಕೋಲಾದ ಬಡಗೇರಿಯ, ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರನ್ನು ನೆನೆಯಿರಿ. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಹಾಲಕ್ಕಿಗಳ ಹಾಡನ್ನು ಕಟ್ಟಿದವರು ಯಾರೋ ಗೊತ್ತಿಲ್ಲದಿರಬಹುದು. ಆದರೆ ಆ ರೆಕಾರ್ಡಿಂಗಿನಲ್ಲಿ ಹಾಡಿದವರು ಯಾರು ಎಂಬುದು ಗೊತ್ತಿದೆ ಅಲ್ವಾ? ಹಾಡಿಗೆ ಒಡೆಯರಿಲ್ಲ, ಸರಿ. ಹಾಡಿದವರಿಗೆ ಹಕ್ಕಿದೆ. ಗುಮಟೆ ಬಾರಿಸುವವರಿಗೂ ಅದೇ, ಯಲ್ಲಾಪುರ, ಹಳಿಯಾಳದ ಸಿದ್ದಿ ಜನರ ಡಮಾಮಿ ಕುಣಿತಕ್ಕೂ ಅದೇ. ಊರಿಗೆ ಬಂದು ಕ್ಯಾಮೆರಾ ಇಟ್ಟು, ಸುಗ್ಗಿ ಕುಣಿತ ಹಿಡಿದುಕೊಂಡು ಹೋಗಿ, ಆಮೇಲೆ ಅದನ್ನು ಯಾವುದೋ ರೆಸಾರ್ಟಿನ ಜಾಹೀರಾತಿಗೆ ಹಾಕಿದರೆ, ಆ ತಂಡಕ್ಕೆ ಪಾಲು ಸಲ್ಲಲೇಬೇಕು.

ಇನ್ನು ಕಂಪನಿಗಳ ಲೆಕ್ಕ. ಕ್ಯಾಸೆಟ್ ಕಾಲದಲ್ಲಿ ಒಂದು ಕ್ಯಾಸೆಟ್ಟಿಗೆ ಇಷ್ಟು ಅಂತ ಬೆಲೆ ಇತ್ತು. ಡೌನ್‌ಲೋಡ್ ಬಂದಾಗಲೂ ಬೆಲೆ ಇತ್ತು. 2003ರಲ್ಲಿ ಆ್ಯಪಲ್ ಅಮೆರಿಕದಲ್ಲಿ ಒಂದು ಹಾಡಿಗೆ 99 ಸೆಂಟ್ ಎಂದು ಮಾರಲು ಶುರು ಮಾಡಿತು. ನಮ್ಮ ಕಡೆ ಡೌನ್‌ಲೋಡ್ ಅಂದರೆ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ಕೊಟ್ಟು ಪದ್ಯ ತುಂಬಿಸಿಕೊಂಡು ಬರುವುದಾಗಿತ್ತು. ಅಂಗಡಿಯವರಿಗೆ ದುಡ್ಡು ಕೊಡುತ್ತಿದ್ದೆವು. ಹಾಡಿದವರಿಗೆ ಆಗಲೂ ಏನೂ ಹೋಗುತ್ತಿರಲಿಲ್ಲ. ಈಗ ಅದೂ ಬೇಡ, ಎಲ್ಲ ಫೋನಿನಲ್ಲೇ ಇದೆ.

ಸ್ಪಾಟಿಫೈಯಂಥ ಆ್ಯಪ್‌ಗಳಲ್ಲಿ ಚಂದಾದಾರರ ದುಡ್ಡು, ಜಾಹೀರಾತಿನ ದುಡ್ಡು ಎಲ್ಲ ಒಂದೇ ಗಂಟಿಗೆ ಬೀಳುತ್ತದೆ. ಕಂಪನಿ ತನ್ನ ಪಾಲು ತೆಗೆದುಕೊಂಡ ಮೇಲೆ, ಒಟ್ಟು ಕೇಳಿದ ಲೆಕ್ಕದಲ್ಲಿ ಯಾವ ಹಾಡಿಗೆ ಎಷ್ಟು ಪಾಲು ಎಂದು ಹಂಚುತ್ತಾರೆ. ಶಿರಸಿಯ ಒಬ್ಬರು ತಿಂಗಳಿಡೀ ಯಕ್ಷಗಾನ ಪದ್ಯ ಬಿಟ್ಟು ಬೇರೇನೂ ಕೇಳಲಿಲ್ಲ ಅಂತಿಟ್ಟುಕೊಳ್ಳಿ. ಆದರೂ ಅವರು ಕೊಟ್ಟ ಚಂದಾ ಆ ಭಾಗವತರಿಗೆ ಹೋಗುವುದಿಲ್ಲ. ಗಂಟಿನಲ್ಲಿ ಬೆರೆತು, ಜಾಸ್ತಿ ಓಡುವ ಸಿನಿಮಾ ಹಾಡುಗಳ ಕಡೆಗೇ ಹರಿಯುತ್ತದೆ. ಕೇಳಿದವರ ದುಡ್ಡು ಕೇಳಿಸಿದವರಿಗೇ ಹೋಗುವ ಇನ್ನೊಂದು ರೀತಿ ಇದೆ. ಸೌಂಡ್‌ಕ್ಲೌಡ್ 2021ರಲ್ಲಿ ಅದನ್ನು ಶುರು ಮಾಡಿತು. ಅಂದರೆ ಮಾಡಲು ಆಗದ ಕೆಲಸವೇನಲ್ಲ.

ಮತ್ತೊಂದು ತೊಂದರೆ ನಮ್ಮಂಥವರಿಗೇ ಬಿದ್ದ ಹೊಡೆತ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಮೂರು ನಿಮಿಷದ ಸಿನಿಮಾ ಹಾಡಿಗೂ ಒಂದೇ, ಮುಕ್ಕಾಲು ಗಂಟೆಯ ವಿಲಂಬಿತ ಖಯಾಲಿಗೂ ಒಂದೇ, ಎರಡು ಗಂಟೆಯ ತಾಳಮದ್ದಲೆಗೂ ಒಂದೇ. ನಮ್ಮ ಜಿಲ್ಲೆ ಹೆಸರಾದದ್ದು ಯಕ್ಷಗಾನಕ್ಕೆ ಮತ್ತು ಹಿಂದೂಸ್ತಾನಿ ಸಂಗೀತಕ್ಕೆ. ಎರಡೂ ನಿಧಾನವಾಗಿ ಬೆಳೆಯುವ ಕಲೆಗಳು. ಈ ಲೆಕ್ಕದಲ್ಲಿ ಎರಡಕ್ಕೂ ನಷ್ಟವೇ. ಅದರ ಮೇಲೆ 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ ದುಡ್ಡನ್ನೇ ಕೊಡುವುದಿಲ್ಲ.

ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ ಚಾನೆಲ್ಲಿಗೆ 1000 ಚಂದಾದಾರರು ಇರಬೇಕು, ಒಂದು ವರ್ಷದಲ್ಲಿ ಜನ 4000 ಗಂಟೆ ನೋಡಿರಬೇಕು. ಬಂದರೆ ಉದ್ದ ವಿಡಿಯೋದ ಜಾಹೀರಾತು ಆದಾಯದಲ್ಲಿ ನೂರಕ್ಕೆ 55 ಚಾನೆಲ್ಲಿಗೆ. ಆ ಮಟ್ಟ ಮುಟ್ಟದ ಸಣ್ಣ ಚಾನೆಲ್ಲುಗಳ ವಿಡಿಯೋದಲ್ಲೂ ಜಾಹೀರಾತು ಬರುತ್ತದೆ, ಅದರ ದುಡ್ಡು ಪೂರ್ತಿ ಕಂಪನಿಗೆ. ಹಾಗಾಗಿ ಕುಮಟಾದಲ್ಲಿ ವೈರು ಎಳೆದ ಆ ಹುಡುಗನಿಗೂ ಏನೂ ಸಿಕ್ಕಿರಲಿಕ್ಕಿಲ್ಲ. ಇದನ್ನು ಸಂಘಟಕರು ತಿಳಿದುಕೊಳ್ಳಬೇಕು. ಊರಿಗೊಂದು, ಕೇರಿಗೊಂದು ಚಾನೆಲ್ ಮಾಡಿ ಒಂದೇ ಆಟವನ್ನು ನಾಲ್ಕು ಕಡೆ ಹಾಕಿದರೆ ಯಾರಿಗೂ ದುಡ್ಡು ಹುಟ್ಟುವುದಿಲ್ಲ. ತಾಲೂಕಿಗೆ ಒಂದು ಒಳ್ಳೆಯ ಚಾನೆಲ್ ಇಟ್ಟುಕೊಂಡು, ಕಲಾವಿದರ ಒಪ್ಪಿಗೆ ಪಡೆದು ಹಾಕಿದರೆ, ಹಂಚುವಷ್ಟಾದರೂ ಬಂದೀತು.

ಕ್ಯಾಮೆರಾದವರ ಕಷ್ಟ ನನಗೆ ಗೊತ್ತು. ಅವರು ರಾತ್ರಿಯಿಡೀ ನಿಂತಿರುತ್ತಾರೆ. ಕ್ಯಾಮೆರಾ, ಲೈಟು, ಇಂಟರ್‌ನೆಟ್ಟು, ಎಡಿಟಿಂಗು ಎಲ್ಲಕ್ಕೂ ಕೈಯಿಂದ ಹಾಕಿರುತ್ತಾರೆ. ಅವರಿಲ್ಲದಿದ್ದರೆ ಎಷ್ಟೋ ಹಿರಿಯ ಭಾಗವತರ ದನಿ ನಮಗೆ ಉಳಿಯುತ್ತಿರಲಿಲ್ಲ. ಬೆಂಗಳೂರಿನಲ್ಲಿ, ಗಲ್ಫ್‌ನಲ್ಲಿ ಇರುವ ನಮ್ಮ ಊರ ಮಕ್ಕಳು ಆಟ ನೋಡುತ್ತಿರುವುದು ಅವರ ದೆಸೆಯಿಂದಲೇ. ಅದಕ್ಕೇ ನಾನು ಹೇಳುವುದು, ರೆಕಾರ್ಡಿಂಗಿನ ಖರ್ಚು ಮೊದಲು ಕಳೆಯಿರಿ. ಉಳಿದದ್ದರಲ್ಲಿ ಅರ್ಧ ವಿಡಿಯೋದವರಿಗೆ ಮತ್ತು ಸಂಘಟಕರಿಗೆ, ಅರ್ಧ ಕಲಾವಿದರಿಗೆ. ಪದ್ಯದ ತುಣುಕು ಹಾಕಿದರೆ ಭಾಗವತರು, ಮದ್ದಲೆ, ಚಂಡೆ ಮೂವರಿಗೂ ಸಮಪಾಲು. ಇದನ್ನು ಕೇಳಿ ಕೆಲವು ಭಾಗವತರು ಹುಬ್ಬು ಏರಿಸಬಹುದು. ಇರಲಿ. ಚಂಡೆ ನಿಂತರೆ ಏರು ಪದ್ಯ ಏರುವುದಿಲ್ಲ ಎಂಬುದು ಅವರಿಗೂ ಗೊತ್ತು.

ಇಷ್ಟು ಸಣ್ಣ ದುಡ್ಡಿಗೆ ಇಷ್ಟು ಮಾತು ಯಾಕೆ ಎಂದು ಕೇಳಬಹುದು. ಆ ದುಡ್ಡು ಯಾವಾಗ ಬರುತ್ತದೆ ಎಂಬುದನ್ನು ನೋಡಿ. ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುತ್ತದೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಹೊತ್ತಿಗೆ. ನಡುವೆ ಅಲ್ಲೊಂದು ಇಲ್ಲೊಂದು ತಾಳಮದ್ದಲೆ ಬಿಟ್ಟರೆ ಹೆಚ್ಚಿನವರಿಗೆ ಕೈಯಲ್ಲಿ ಏನೂ ಇರುವುದಿಲ್ಲ. ಕೆಲವರು ತೋಟದ ಕೆಲಸಕ್ಕೆ ಹೋಗುತ್ತಾರೆ, ಕೆಲವರು ಅಡುಗೆಗೆ, ಕೆಲವರು ಸಾಲಕ್ಕೆ. ಆದರೆ ಮಳೆಗಾಲದಲ್ಲೇ ಜನ ಮನೆಯಲ್ಲಿ ಕೂತು ರೆಕಾರ್ಡಿಂಗ್ ಕೇಳುವುದು ಜಾಸ್ತಿ. ಆಟ ಇಲ್ಲದ ತಿಂಗಳಲ್ಲಿ ಆಟದ ರೆಕಾರ್ಡಿಂಗಿನಿಂದ ಒಂದು ಅಕ್ಕಿ ಮೂಟೆಯ ದುಡ್ಡು ಬಂದರೂ ಅದು ಸಣ್ಣದಲ್ಲ.

ಚಳಿಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುವ ಮನೆಗಳಿಗೆ ಹೋಗಿದ್ದೀರಾ? ಜಗಲಿಯಲ್ಲಿ ಸಾಲಾಗಿ ಕೂತಿರುತ್ತಾರೆ. ಒಬ್ಬೊಬ್ಬರ ಮುಂದೆ ಕತ್ತಿ, ಪಕ್ಕದಲ್ಲಿ ಅಡಿಕೆ ರಾಶಿ, ನಡುವೆ ಒಂದು ಬ್ಲೂಟೂತ್ ಸ್ಪೀಕರು. ಸಂಜೆಯಿಂದ ಹಚ್ಚಿದರೆ ರಾತ್ರಿ ಹನ್ನೊಂದರ ತನಕ ಪದ್ಯವೋ ಪ್ರಸಂಗವೋ ಓಡುತ್ತಲೇ ಇರುತ್ತದೆ. ಸುಲಿದವರಿಗೆ ಅಳತೆಯ ಮೇಲೆ ಕೂಲಿ ಇದೆ, ಕೊಡುತ್ತಾರೆ, ಕೊಡಬೇಕಾದ್ದೇ. ಸ್ಪೀಕರಿಗೆ ದುಡ್ಡು ಕೊಟ್ಟಿದ್ದಾರೆ. ಫೋನಿಗೆ ಪ್ರತಿ ತಿಂಗಳು ರೀಚಾರ್ಜ್ ಮಾಡುತ್ತಾರೆ. ಅಷ್ಟು ಹೊತ್ತು ನಿದ್ದೆ ಬಾರದಂತೆ ಕೂರಿಸಿಕೊಂಡವರು ಹಿಮ್ಮೇಳದವರು. ಅವರಿಗೆ ಕೊಡುವ ದಾರಿ ಮಾತ್ರ ಯಾರೂ ಮಾಡಿಲ್ಲ. ಕೇಳುಗರು ಕೊಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹರಕೆ ಆಟಕ್ಕೆ, ಜಾತ್ರೆಗೆ ಕೈ ಎತ್ತಿ ಕೊಡುವ ಜನ ನಮ್ಮವರು. ದಾರಿ ಇದ್ದರೆ ಇದಕ್ಕೂ ಕೊಡುತ್ತಾರೆ.

ದಾರಿ ಮಾಡುವುದು ಈಗ ಸುಲಭ. 2016ರಿಂದ ಯುಪಿಐ ಇದೆ. ಕಡಲೆ ಮಾರುವವರ ಗಾಡಿಯಲ್ಲೂ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ರಂಗಸ್ಥಳದ ಪಕ್ಕದಲ್ಲಿ ಒಂದು, ವಿಡಿಯೋದ ಮೂಲೆಯಲ್ಲಿ ಒಂದು ಯಾಕೆ ಇರಬಾರದು? ಹೊರದೇಶದಲ್ಲಿ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣ 2008ರಿಂದ ಇದೆ. ಅಲ್ಲಿ ಕಲಾವಿದರೇ ಬೆಲೆ ಇಡುತ್ತಾರೆ, ಮನಸ್ಸಿದ್ದವರು ಜಾಸ್ತಿ ಕೊಟ್ಟೂ ಡೌನ್‌ಲೋಡ್ ಮಾಡಿಕೊಳ್ಳಬಹುದು, ಜಾಲತಾಣ ನೂರಕ್ಕೆ 15 ತೆಗೆದುಕೊಳ್ಳುತ್ತದೆ. ಒಳ್ಳೆಯ ಧ್ವನಿಯಲ್ಲಿ ಮಾಡಿದ ಒಂದು ಪ್ರಸಂಗದ ಪದ್ಯಗಳನ್ನು ನಮ್ಮ ಮೇಳಗಳೂ ಹೀಗೆ ಮಾರಬಹುದು. ಪ್ರೀತಿಯ ಭಾಗವತರ ಪದ್ಯಕ್ಕೆ ಒಂದು ಚಹಾ-ಬನ್ಸಿನ ದುಡ್ಡು ಕೊಡಲು ನಮ್ಮವರು ಹಿಂದೆಮುಂದೆ ನೋಡುವುದಿಲ್ಲ.

ಈಗ ಅಕಾಡೆಮಿಯ ಹತ್ತಿರ ಒಂದು ಕೇಳಿಕೆ. ಕನ್ನಡದಲ್ಲಿ ಒಂದೇ ಒಂದು ಪುಟದ ಒಪ್ಪಂದದ ನಮೂನೆ ಮಾಡಿಕೊಡಿ. ಯಾರು ರೆಕಾರ್ಡ್ ಮಾಡುತ್ತಾರೆ, ಎಲ್ಲಿ ಹಾಕುತ್ತಾರೆ, ಎಷ್ಟು ವರ್ಷ, ಪಾಲು ಎಷ್ಟು, ಯಾರ ಯಾರ ಹೆಸರು ಹಾಕಬೇಕು, ಇಷ್ಟು ಸಾಕು. ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲೇ ಆಗಬೇಕು, ಸಹಿ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಅವಧಿ ಬರೆಯದೆ ಇದ್ದರೆ 5 ವರ್ಷ ಎಂದು ಲೆಕ್ಕ. ಇದು ನಮ್ಮ ಎಷ್ಟು ಕಲಾವಿದರಿಗೆ ಗೊತ್ತು? ವೇಷ ಕಳಚಿ, ಬಣ್ಣ ಒರೆಸಿಕೊಂಡು, ಬೆಳಗಿನ ಬಸ್ಸು ಹಿಡಿಯುವ ಅವಸರದಲ್ಲಿ ಇರುವವರಿಗೆ ವಕೀಲರ ಹತ್ತಿರ ಹೋಗಿ ಎಂದರೆ ಆಗುವ ಮಾತಲ್ಲ. ನಮೂನೆ ಅವರ ಕೈಯಲ್ಲೇ ಇರಬೇಕು.

ಕವಿ, ಸಂಗೀತ ನಿರ್ದೇಶಕರ ರಾಯಧನ ವಸೂಲಿಗೆ 1969ರಿಂದ ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ. ಗಾಯಕರು 2013ರಲ್ಲಿ ತಮ್ಮದೇ ಸಂಸ್ಥೆ ಮಾಡಿಕೊಂಡರು. ಅದರ ಮುಂಚೂಣಿಯಲ್ಲಿ ಇದ್ದವರು ಸಿನಿಮಾ ಹಿನ್ನೆಲೆ ಗಾಯಕರು. ನಮ್ಮ ಭಾಗವತರನ್ನು, ವಾದಕರನ್ನು, ಹಾಲಕ್ಕಿ, ಸಿದ್ದಿ ತಂಡಗಳನ್ನು ಅಲ್ಲಿಗೆ ಸೇರಿಸುವ ಕೆಲಸಕ್ಕೆ ಅಕಾಡೆಮಿ ಕೈಹಾಕಬೇಕು. ಒಬ್ಬೊಬ್ಬರೇ ಹೋಗಿ ಮಾಡುವ ಕೆಲಸ ಅಲ್ಲ ಅದು.

ಇಲಾಖೆಗೆ ಹೇಳುವುದು ಇನ್ನೂ ಸರಳ. ಕಾರವಾರದ ಕರಾವಳಿ ಉತ್ಸವ, ಬನವಾಸಿಯ ಕದಂಬೋತ್ಸವ ಸರ್ಕಾರದ್ದೇ ಕಾರ್ಯಕ್ರಮ. ಹೊರಗಿನಿಂದ ಬರುವ ದೊಡ್ಡ ಗಾಯಕರ ಒಪ್ಪಂದದಲ್ಲಿ ರೆಕಾರ್ಡಿಂಗ್ ವಿಚಾರ ಸಾಮಾನ್ಯವಾಗಿ ಬರೆದೇ ಇರುತ್ತದೆ. ಅದೇ ಮಯೂರವರ್ಮ ವೇದಿಕೆಯಲ್ಲಿ ಸಂಜೆ ಮೊದಲು ಕೂರುವ ಸ್ಥಳೀಯ ತಂಡಕ್ಕೂ ಅದೇ ಸಾಲು ಬರೆದುಕೊಡಿ. ಸರ್ಕಾರದ ಅನುದಾನ ಪಡೆಯುವ ಎಲ್ಲ ಸಂಘಗಳಿಗೂ ಈ ಷರತ್ತು ಹಾಕಿ, ರೆಕಾರ್ಡಿಂಗ್ ಮಾಡಿದರೆ ಕಲಾವಿದರ ಸಹಿ ಇರುವ ಒಪ್ಪಿಗೆ ಪತ್ರ ಲಗತ್ತಿಸಬೇಕು ಎಂದು. ಖರ್ಚಿನ ಬಿಲ್ಲು ಹೇಗೂ ಕೇಳುತ್ತೀರಿ, ಅದರ ಜೊತೆ ಇದೊಂದು ಹಾಳೆ. ಆಕಾಶವಾಣಿಗೆ ಹಾಡಲು ಹೋದವರಿಗೆ ಗೊತ್ತು, ಅಲ್ಲಿ ಕಲಾವಿದರಿಗೆ ಶ್ರೇಣಿ ಇದೆ, ಶ್ರೇಣಿಗೆ ತಕ್ಕ ಸಂಭಾವನೆ ಇದೆ, ಕರಾರಿಗೆ ಸಹಿ ಮಾಡಿಸಿಕೊಳ್ಳುತ್ತಾರೆ. ರೇಡಿಯೋದಲ್ಲಿ ಆಗುವುದು ಯೂಟ್ಯೂಬಿನಲ್ಲಿ ಯಾಕೆ ಆಗಬಾರದು?

ಕಲಾವಿದರ ಮಾಸಾಶನ ಕೊಡುತ್ತಿದ್ದೀರಿ, ಅದಕ್ಕೆ ನಾವು ಋಣಿಗಳು. ಆದರೆ ವಯಸ್ಸಾದ ಮೇಲೆ ಸಹಾಯ ಎಂದು ಕೊಡುವುದು ಬೇರೆ, ದುಡಿದದ್ದಕ್ಕೆ ಸಲ್ಲಬೇಕಾದ್ದು ಬೇರೆ. ಅರವತ್ತು ದಾಟಿದ ಭಾಗವತರು ತಮ್ಮ ಮೂವತ್ತನೇ ವಯಸ್ಸಿನ ರೆಕಾರ್ಡಿಂಗು ಇವತ್ತೂ ಓಡುತ್ತಿರುವಾಗ ಅರ್ಜಿ ಹಿಡಿದು ಕಚೇರಿ ಬಾಗಿಲಲ್ಲಿ ನಿಲ್ಲುವುದು ನನಗೆ ನೋಡಲು ಆಗುವುದಿಲ್ಲ.

ಈ ವರ್ಷದ ತಿರುಗಾಟ ಶುರುವಾಗುವ ಮೊದಲು ಒಂದು ಸಭೆ ಕರೆಯಿರಿ. ಶಿರಸಿಯಲ್ಲಾದರೂ ಸರಿ, ಹೊನ್ನಾವರದಲ್ಲಾದರೂ ಸರಿ. ಸಂಘಟಕರು ಬರಲಿ, ವಿಡಿಯೋದವರು ಬರಲಿ, ಅಕಾಡೆಮಿಯವರು ನಮೂನೆಯ ಕರಡು ತರಲಿ. ಮದ್ದಲೆ, ಚಂಡೆಯವರನ್ನು ಮರೆಯದೆ ಕರೆಯಿರಿ. ಮಳೆಗಾಲದಲ್ಲಾದರೆ ನಾವು ಎಲ್ಲರೂ ಊರಲ್ಲೇ ಇರುತ್ತೇವೆ, ಬರುತ್ತೇವೆ.

ಇಂತಿ,
ಹೊನ್ನಾವರ ತಾಲೂಕಿನ ಒಬ್ಬ ಮದ್ದಲೆವಾದಕ